ಕರಗದ ಲೋಹ ಕರಗುವ ಕಥೆ

ಗೀರಿದರೆ ಹೊತ್ತುವ ಬೆಂಕಿಕಡ್ಡಿ ಇನ್ನೂ ಹುಟ್ಟಿರಲಿಲ್ಲ. 1823ರಲ್ಲಿ ಜರ್ಮನಿಯ ಯೇನಾ ಊರಿನ ರಸಾಯನಶಾಸ್ತ್ರದ ಮೇಷ್ಟ್ರು ಯೋಹಾನ್ ವೋಲ್ಫ್‌ಗಾಂಗ್ ಡೋಬರೈನರ್, ಸ್ಪಂಜಿನ ಹಾಗೆ ತೂತುತೂತಾದ ಪ್ಲಾಟಿನಂ ಮೇಲೆ ಜಲಜನಕವನ್ನು ಸಣ್ಣಗೆ ಹಾಯಿಸಿದರು. ಲೋಹ ಕೆಂಪಗೆ ಕಾಯಿತು, ಅನಿಲ ಭಗ್ಗನೆ ಹೊತ್ತಿಕೊಂಡಿತು. ಯಾರೂ ಕಿಡಿ ತಾಗಿಸಿರಲಿಲ್ಲ. ಗಾಜಿನ ಜಾಡಿ, ಒಂದಿಷ್ಟು ಸತು, ಗಂಧಕಾಮ್ಲ, ಒಂದು ನಲ್ಲಿ, ನಲ್ಲಿಯ ಬಾಯಿಗೆ ಎದುರಾಗಿ ಚಿಟಿಕೆ ಪ್ಲಾಟಿನಂ: ಇಷ್ಟರಲ್ಲೇ ಅವರ ದೀಪ ತಯಾರಾಯಿತು. ಯುರೋಪಿನ ಎಷ್ಟೋ ಮನೆಗಳಲ್ಲಿ ಅದು ಬಹಳ ಕಾಲ ಒಲೆ ಹಚ್ಚಿತು, ಹೊಗೆಸೊಪ್ಪು ಹಚ್ಚಿತು.

ಈ ಗುಣಕ್ಕೆ 1835ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಕ್ಯಾಟಲಿಸಿಸ್ ಎಂದು ಹೆಸರಿಟ್ಟರು. ನಮಗೆ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದು ಹೀಗೆ: ತಾನು ಸವೆಯದೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತುವೇ ವೇಗವರ್ಧಕ. ಪರೀಕ್ಷೆಗೆ ಆ ಉತ್ತರ ಸಾಕು. ಜಲಜನಕದಿಂದ ಲಾರಿ ಓಡಿಸಲು ಹೊರಟವರಿಗೆ ಮಾತ್ರ ಅದರಲ್ಲಿನ ‘ಸವೆಯದೆ’ ಎಂಬ ಮಾತು ಮೂರು ದಶಕಗಳಿಂದ ನಿದ್ದೆ ಕೊಟ್ಟಿಲ್ಲ. ಪ್ಲಾಟಿನಂ ಸವೆಯುತ್ತದೆ. ಅದರಲ್ಲೂ, ನಾವು ಅದನ್ನು ಜಾಣತನದಿಂದ ಬಳಸಿದಷ್ಟೂ ಬೇಗ ಸವೆಯುತ್ತದೆ.

ಇಂಧನ ಕೋಶ ಅಂದರೆ, ಡೋಬರೈನರ್ ದೀಪದಲ್ಲಿ ಭಗ್ಗೆಂದ ಕ್ರಿಯೆಯನ್ನೇ ಹದ್ದುಬಸ್ತಿನಲ್ಲಿಟ್ಟು ನಡೆಸುವ ಏರ್ಪಾಡು. ಜಲಜನಕವನ್ನೂ ಆಮ್ಲಜನಕವನ್ನೂ ಮುಖಾಮುಖಿ ಆಗಗೊಡಬಾರದು. ನಡುವೆ ತೆಳುವಾದ ಪ್ಲಾಸ್ಟಿಕ್ ಪೊರೆ. ಒಂದು ಬದಿಯಲ್ಲಿ ಜಲಜನಕ ಪ್ಲಾಟಿನಂ ಮೇಲೆ ಬಿದ್ದು ಪ್ರೋಟಾನು, ಎಲೆಕ್ಟ್ರಾನುಗಳಾಗಿ ಒಡೆಯುತ್ತದೆ. ಪ್ರೋಟಾನಿಗೆ ಪೊರೆ ದಾರಿ ಬಿಡುತ್ತದೆ, ಎಲೆಕ್ಟ್ರಾನಿಗೆ ಬಿಡುವುದಿಲ್ಲ. ಅದು ತಂತಿಯ ಮೂಲಕ ಸುತ್ತುಹಾಕಿಕೊಂಡು, ದಾರಿಯಲ್ಲಿ ಮೋಟರನ್ನು ತಿರುಗಿಸಿ, ಆಚೆ ಬದಿಗೆ ಬಂದು ಸೇರಬೇಕು. ಅಲ್ಲಿ ಗಾಳಿಯ ಆಮ್ಲಜನಕ ಇಬ್ಬರನ್ನೂ ಕೂಡಿಕೊಂಡು ನೀರಾಗುತ್ತದೆ. 1839ರಲ್ಲೇ ವಿಲಿಯಂ ಗ್ರೋವ್ ಪ್ಲಾಟಿನಂ ಪಟ್ಟಿಗಳನ್ನು ಆಮ್ಲದಲ್ಲಿ ಅದ್ದಿ ಇದರ ಮೂಲರೂಪವನ್ನು ತೋರಿಸಿದ್ದರು. ವೇಲ್ಸ್ ಮೂಲದ ಗ್ರೋವ್ ವೃತ್ತಿಯಲ್ಲಿ ವಕೀಲರು, ಮುಂದೆ ನ್ಯಾಯಾಧೀಶರೂ ಆದರು. ಎರಡು ಕಡೆಯವರನ್ನು ನೇರ ಜಗಳಕ್ಕೆ ಬಿಡದೆ ವ್ಯವಹಾರ ಮುಗಿಸುವ ಈ ಯಂತ್ರ ವಕೀಲರ ಕೈಯಲ್ಲೇ ಹುಟ್ಟಿದ್ದು ನನಗೆ ಸಹಜವಾಗಿಯೇ ಕಾಣುತ್ತದೆ.

ಜಲಜನಕದ ಬದಿಯಲ್ಲಿ ಹೆಚ್ಚು ತಕರಾರಿಲ್ಲ. ಅಲ್ಲಿ ಪ್ಲಾಟಿನಂನ ಲೇಪ ಇದ್ದರೂ ಇಲ್ಲದಂತೆ ತೆಳುವಾಗಿದ್ದರೆ ಸಾಕು, ಕೆಲಸ ಸರಾಗ. ಗೋಳೆಲ್ಲ ಆಮ್ಲಜನಕದ ಕಡೆ, ಅಂದರೆ ಕ್ಯಾಥೋಡಿನಲ್ಲಿ. ಆಮ್ಲಜನಕದ ಎರಡು ಪರಮಾಣುಗಳು ಗಟ್ಟಿಯಾಗಿ ಕಚ್ಚಿಕೊಂಡಿರುತ್ತವೆ. ಅವನ್ನು ಬಿಡಿಸಿ, ನಾಲ್ಕು ಪ್ರೋಟಾನು, ನಾಲ್ಕು ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಸೇರಿಸಿ ನೀರು ಮಾಡಬೇಕು. ಲೆಕ್ಕದ ಪ್ರಕಾರ ಒಂದು ಕೋಶ 1.23 ವೋಲ್ಟ್ ಕೊಡಬೇಕು. ಓಡುವ ಗಾಡಿಯಲ್ಲಿ ಸಿಗುವುದು 0.6ರಿಂದ 0.7 ವೋಲ್ಟ್. ಉಳಿದದ್ದು ಬಿಸಿಯಾಗಿ ಹೋಗುತ್ತದೆ, ಅದರ ದೊಡ್ಡ ಪಾಲನ್ನು ನುಂಗುವುದು ಈ ಒಂದು ನಿಧಾನದ ಕ್ರಿಯೆ.

ಪ್ಲಾಟಿನಂ ಯಾಕೆ ಬೇಕು ಎನ್ನುವುದಕ್ಕೂ ಪ್ಲಾಟಿನಂ ಯಾಕೆ ಸಾಲದು ಎನ್ನುವುದಕ್ಕೂ ಕಾರಣ ಒಂದೇ. ನೆಂಟರ ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಬಂದ ಆಮ್ಲಜನಕವನ್ನು ಲೋಹ ಒಳಗೆ ಕರೆದು ಕೂರಿಸಬೇಕು, ಊಟ ಮುಗಿದ ಮೇಲೆ ಕಳಿಸಿಕೊಡಲೂಬೇಕು. ಚಿನ್ನ ಬಾಗಿಲನ್ನೇ ತೆಗೆಯುವುದಿಲ್ಲ. ನಿಕ್ಕಲ್, ಕಬ್ಬಿಣಗಳು ಬಂದವರನ್ನು ಬಿಡುವುದೇ ಇಲ್ಲ, ತುಕ್ಕು ಹಿಡಿದು ಕೂರುತ್ತವೆ. ಇವೆರಡರ ನಡುವಿನ ಹದಕ್ಕೆ ಅತಿ ಹತ್ತಿರ ಇರುವುದು ಪ್ಲಾಟಿನಂ. 2004ರಲ್ಲಿ ಡೆನ್ಮಾರ್ಕಿನ ಯೆನ್ಸ್ ನೋರ್ಸ್ಕೋವ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಲೋಹಗಳ ಈ ಹಿಡಿತವನ್ನು ಲೆಕ್ಕ ಹಾಕಿ ಗೀಟು ಹಾಕಿದಾಗ ಬೆಟ್ಟದ ಆಕಾರದ ಚಿತ್ರವೊಂದು ಬಂತು. ಬೆಟ್ಟದ ತುದಿಯ ಬಳಿ ಪ್ಲಾಟಿನಂ ಇತ್ತು, ಆದರೆ ತುದಿಯಲ್ಲಿ ಇರಲಿಲ್ಲ. ಅದರ ಹಿಡಿತ ಒಂದು ಕೂದಲೆಳೆಯಷ್ಟು ಜಾಸ್ತಿ. ಉಂಡು ಹೊರಡಬೇಕಾದ ನೆಂಟ ಜಗುಲಿಯ ಮೇಲೆ ಸ್ವಲ್ಪ ಹೊತ್ತು ಅಡ್ಡಾಗುತ್ತಾನೆ, ಮುಂದಿನವನಿಗೆ ಜಾಗವಿಲ್ಲ.

ಈ ಲೋಹವೋ, ಬೇಕೆಂದಾಗ ಅಗೆದುಕೊಳ್ಳುವಂಥದಲ್ಲ. ಜಗತ್ತಿನ ಗಣಿ ಪ್ಲಾಟಿನಂನ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ದಕ್ಷಿಣ ಆಫ್ರಿಕಾದ್ದು, ಅದೂ ಬಹುತೇಕ ಬುಷ್‌ವೆಲ್ಡ್ ಎಂಬ ಒಂದೇ ಪುರಾತನ ಶಿಲಾರಾಶಿಯದ್ದು. ಆಳದ ಸುರಂಗದಿಂದ ಒಂದು ಟನ್ ಕಲ್ಲು ಎತ್ತಿ ತಂದರೆ ಅದರಲ್ಲಿ ಪ್ಲಾಟಿನಂ ಮತ್ತದರ ಬಳಗದ ಲೋಹಗಳು ಸಿಗುವುದು ಕೆಲವೇ ಗ್ರಾಂ. ನಮ್ಮಲ್ಲೂ ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಕಲ್ಲುಗಳಲ್ಲಿ ಈ ಬಳಗದ ಗುರುತುಗಳನ್ನು ಭೂವಿಜ್ಞಾನಿಗಳು ಪತ್ತೆಹಚ್ಚಿದ್ದಾರೆ. ಗುರುತು ಸಿಗುವುದಕ್ಕೂ ಗಣಿ ನಡೆಯುವುದಕ್ಕೂ ಬಹಳ ದೂರ. ಹಾಗಾಗಿ ಕಡಿಮೆ ಪ್ಲಾಟಿನಂನಲ್ಲಿ ಹೆಚ್ಚು ಕೆಲಸ ಮಾಡಿಸುವುದೇ ಬಹುಕಾಲ ಇಡೀ ಸಂಶೋಧನೆಯ ಗುರಿಯಾಗಿತ್ತು.

1965ರ ಆಗಸ್ಟಿನಲ್ಲಿ ಜೆಮಿನಿ 5 ನೌಕೆ ಪೊರೆಯ ಇಂಧನ ಕೋಶಗಳನ್ನು ಹೊತ್ತು ಎಂಟು ದಿನ ಭೂಮಿಯನ್ನು ಸುತ್ತಿತು. ಕೂಪರ್ ಮತ್ತು ಕಾನ್ರಾಡ್ ಅದರೊಳಗಿದ್ದ ಇಬ್ಬರು. ಕೋಶಕ್ಕೆ ಹೋಗುವ ಆಮ್ಲಜನಕದ ಒತ್ತಡ ಕುಸಿದು, ಯಾನವನ್ನೇ ಮೊಟಕು ಮಾಡಬೇಕೇನೋ ಎಂಬ ಗಾಬರಿಯಲ್ಲಿ ಉಪಕರಣಗಳನ್ನೆಲ್ಲ ಆರಿಸಿ ಕೂರಬೇಕಾಯಿತು. ನಿಧಾನವಾಗಿ ಪರಿಸ್ಥಿತಿ ಸುಧಾರಿಸಿತು. ಆ ಕಾಲದ ಕೋಶಗಳಲ್ಲಿ ಒಂದು ಚದರ ಸೆಂಟಿಮೀಟರಿಗೆ ಹತ್ತಾರು ಮಿಲಿಗ್ರಾಂ ಪ್ಲಾಟಿನಂ ಬಳಿಯುತ್ತಿದ್ದರು. ಆಕಾಶಕ್ಕೆ ಹೋಗುವವರಿಗೆ ಅದು ನಡೆಯುತ್ತದೆ, ಅಂಗಡಿಗೆ ಹೋಗುವವರಿಗೆ ನಡೆಯುವುದಿಲ್ಲ.

ದೊಡ್ಡ ಉಳಿತಾಯ ಬಂದದ್ದು 1980ರ ದಶಕದಲ್ಲಿ, ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಿಂದ. ಹಿಂದಿರುವ ವಿಚಾರ ಕೇಳಿದರೆ ‘ಇಷ್ಟೇನಾ’ ಅನ್ನಿಸುತ್ತದೆ. ಪ್ಲಾಟಿನಂ ಕಣವೊಂದು ಕೆಲಸ ಮಾಡಬೇಕಾದರೆ ಮೂರು ದಾರಿ ಅದರ ಹತ್ತಿರ ಕೂಡಬೇಕು: ಅನಿಲ ಬರುವ ದಾರಿ, ಪ್ರೋಟಾನು ಬರುವ ದಾರಿ, ಎಲೆಕ್ಟ್ರಾನು ಬರುವ ದಾರಿ. ಬಳಿದ ಪ್ಲಾಟಿನಂನಲ್ಲಿ ಬಹುಪಾಲು ಈ ಕೂಡುರಸ್ತೆಯಿಂದ ದೂರ ಇದ್ದು ಸುಮ್ಮನೆ ದಂಡವಾಗುತ್ತಿತ್ತು. ಇಯಾನ್ ರೈಸ್ಟ್ರಿಕ್ ಪೊರೆಯ ಪ್ಲಾಸ್ಟಿಕ್ಕನ್ನೇ ದ್ರಾವಣ ಮಾಡಿ ಎಲೆಕ್ಟ್ರೋಡಿನ ಒಳಕ್ಕೆ ಇಂಗಿಸಿದರು. ದೋಸೆಕಲ್ಲಿಗೆ ಎಣ್ಣೆ ಸವರಿದಂತೆ ಪ್ರತಿ ಕಣಕ್ಕೂ ಪ್ರೋಟಾನಿನ ದಾರಿ ಸಿಕ್ಕಿತು. ಚದರ ಸೆಂಟಿಮೀಟರಿಗೆ 4 ಮಿಲಿಗ್ರಾಂ ಬೇಕಿದ್ದ ಕಡೆ 0.4 ಸಾಕಾಯಿತು. ಅದೇ ಪ್ರಯೋಗಾಲಯದ ವಿಲ್ಸನ್, ಗಾಟೆಸ್‌ಫೆಲ್ಡ್ ಜೋಡಿ 1990ರ ದಶಕದ ಆರಂಭದಲ್ಲಿ ಪ್ಲಾಟಿನಂ, ಇಂಗಾಲ, ಪ್ಲಾಸ್ಟಿಕ್ಕು ಮೂರನ್ನೂ ಶಾಯಿಯಂತೆ ಕಲಸಿ ತೆಳ್ಳಗೆ ಬಳಿಯುವ ವಿಧಾನ ತಂದರು. ಇವತ್ತಿಗೂ ಈ ಕ್ಷೇತ್ರದವರು ಅದನ್ನು ಇಂಕ್ ಎಂದೇ ಕರೆಯುತ್ತಾರೆ.

ಇನ್ನೊಂದು ಉಳಿತಾಯ ಕಣದ ಗಾತ್ರದ್ದು. ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ, ಹೊಟ್ಟೆಯೊಳಗಿನ ಪರಮಾಣುಗಳಿಗೆ ಕೆಲಸವಿಲ್ಲ. ಆದ್ದರಿಂದ ಪ್ಲಾಟಿನಂ ಅನ್ನು ಎರಡು ಮೂರು ನ್ಯಾನೋಮೀಟರಿನ ಕಣಗಳಾಗಿಸಿ, ನುಣ್ಣನೆ ಇಂಗಾಲದ ಪುಡಿಯ ಮೇಲೆ ಚಿಮುಕಿಸಿದಂತೆ ಕೂರಿಸುತ್ತಾರೆ. ಆ ಇಂಗಾಲ ನೋಡಲು ಹೆಚ್ಚುಕಮ್ಮಿ ದೀಪದ ಮಸಿಯೇ. ಮೂರು ನ್ಯಾನೋಮೀಟರಿನ ಒಂದು ಕಣದಲ್ಲಿ ಇರುವುದು ಸುಮಾರು ಒಂಬೈನೂರು ಪರಮಾಣು, ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮೇಲ್ಮೈಯಲ್ಲೇ ಇರುತ್ತವೆ. ಒಂದು ಗ್ರಾಂ ಪ್ಲಾಟಿನಂ ಹೀಗೆ ಹರಡಿಕೊಂಡರೆ ಅರವತ್ತು ಎಪ್ಪತ್ತು ಚದರ ಮೀಟರಿನಷ್ಟು ಮೈ ಬಿಚ್ಚುತ್ತದೆ, ಒಂದು ಸಾಧಾರಣ ಟೂ ಬಿಎಚ್‌ಕೆ ಮನೆಯ ನೆಲದಷ್ಟು.

ಮೂರನೆಯದು ಹದದ ವಿಚಾರ. ಪ್ಲಾಟಿನಂನ ಹಿಡಿತ ಕೂದಲೆಳೆ ಜಾಸ್ತಿ ಅಂದೆನಲ್ಲ, ಅದನ್ನು ಸಡಿಲಿಸಲು ಪಕ್ಕದಲ್ಲಿ ಚಿಕ್ಕ ಮೈಕಟ್ಟಿನ ನಿಕ್ಕಲ್ ಅಥವಾ ಕೋಬಾಲ್ಟನ್ನು ಕೂರಿಸಬೇಕು. ಪ್ಲಾಟಿನಂ ಪರಮಾಣುಗಳು ಒತ್ತೊತ್ತಾಗಿ ಕೂರುತ್ತವೆ, ಅವುಗಳ ಎಲೆಕ್ಟ್ರಾನುಗಳ ಮಟ್ಟ ತುಸು ಇಳಿಯುತ್ತದೆ, ನೆಂಟ ಬೇಗ ಹೊರಡುತ್ತಾನೆ. 2007ರಲ್ಲಿ ವೊಯಿಸ್ಲಾವ್ ಸ್ಟಾಮೆಂಕೊವಿಚ್, ನೆನಾದ್ ಮಾರ್ಕೊವಿಚ್ ಮತ್ತವರ ತಂಡ ಮೂರು ಪ್ಲಾಟಿನಂಗೆ ಒಂದು ನಿಕ್ಕಲ್ ಬೆರೆತ ಹರಳಿನ ಒಂದು ನಿರ್ದಿಷ್ಟ ಮುಖವನ್ನು ಪರೀಕ್ಷಿಸಿತು. ಮೇಲಿನ ಪದರ ಬರೀ ಪ್ಲಾಟಿನಂ, ಕೆಳಗೆ ನಿಕ್ಕಲ್. ಅಂಥದೇ ಶುದ್ಧ ಪ್ಲಾಟಿನಂ ಮುಖಕ್ಕಿಂತ ಅದು ಹತ್ತು ಪಟ್ಟು, ಆಗ ಬಳಕೆಯಲ್ಲಿದ್ದ ಇಂಗಾಲದ ಮೇಲಿನ ಪ್ಲಾಟಿನಂಗಿಂತ ತೊಂಬತ್ತು ಪಟ್ಟು ಚುರುಕು. ಆ ಸಂಖ್ಯೆ ಎಷ್ಟು ಜನ ಸಂಶೋಧಕರ ಬದುಕಿನ ದಿಕ್ಕು ಬದಲಿಸಿತೋ ಲೆಕ್ಕವಿಲ್ಲ. ಎಂಟು ಮುಖದ ಕಣ, ಚೌಕಟ್ಟಿನಂಥ ಟೊಳ್ಳು ಕಣ, ಹಗ್ಗದಂಥ ಕಣ ಎಂದು ಮುಂದಿನ ವರ್ಷಗಳಲ್ಲಿ ಪ್ಲಾಟಿನಂಗೆ ತೊಡಿಸದ ವೇಷವಿಲ್ಲ. 2014ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಮಿರಾಯ್ ಕಾರಿನ ಕ್ಯಾಥೋಡಿನಲ್ಲಿ ಇದ್ದದ್ದು ಪ್ಲಾಟಿನಂ-ಕೋಬಾಲ್ಟ್ ಮಿಶ್ರಲೋಹ.

ಆದರೆ ತೊಂಬತ್ತು ಪಟ್ಟು ಎಂಬ ಆ ಚುರುಕು ರಸ್ತೆಯ ಮೇಲೆ ಕಾಣಲಿಲ್ಲ. ಓಡುವ ಕೋಶದಲ್ಲಿ ಸಿಕ್ಕಿದ್ದು ಕೆಲವೇ ಪಟ್ಟು, ಅದೂ ಹೊಸದರಲ್ಲಿ. ಅಲ್ಲಿಂದ ಶುರುವಾಗುವುದು ಕಥೆಯ ಎರಡನೇ ಭಾಗ. ನನ್ನ ಮಟ್ಟಿಗೆ ರೋಚಕವಾದ ಭಾಗವೂ ಅದೇ.

ಪ್ಲಾಟಿನಂ ಕರಗದ ಲೋಹ ಎಂದೇ ಹೆಸರಾದದ್ದು. ಅದನ್ನು ಕರಗಿಸಲು ಎರಡು ಉಗ್ರ ಆಮ್ಲಗಳ ಮಿಶ್ರಣವಾದ ಅಕ್ವಾ ರೀಜಿಯಾ ಬೇಕು. ಅಂಥ ಗಟ್ಟಿಗ ಎಂಬತ್ತು ಡಿಗ್ರಿ ಶಾಖದ, ಆಮ್ಲದ ಗುಣದ, ತೇವ ತುಂಬಿದ ಕ್ಯಾಥೋಡಿನಲ್ಲಿ ಸದ್ದಿಲ್ಲದೆ ಅಯಾನುಗಳಾಗಿ ಕರಗುತ್ತದೆ. ವೋಲ್ಟೇಜು ಮೇಲೇರಿದಾಗ ಮೇಲ್ಮೈಗೆ ಆಮ್ಲಜನಕದ ಪದರ ಕೂರುತ್ತದೆ, ಇಳಿದಾಗ ಅದು ಕಿತ್ತುಬರುತ್ತದೆ, ಹೀಗೆ ಹತ್ತುವಾಗ ಇಳಿಯುವಾಗ ಒಂದಿಷ್ಟು ಪರಮಾಣು ಜಾರಿಹೋಗುತ್ತವೆ. ಕಣ ಚಿಕ್ಕದಾದಷ್ಟೂ ಅಂಚಿನಲ್ಲಿ ತುದಿಗಾಲಲ್ಲಿ ನಿಂತ ಪರಮಾಣುಗಳು ಜಾಸ್ತಿ, ಜಾರುವುದು ಸಲೀಸು. ಪ್ಲಾಟಿನಂ ಉಳಿಸಲೆಂದು ಕಣವನ್ನು ಚಿಕ್ಕದು ಮಾಡಿದ್ದೇ ಅದರ ಆಯುಸ್ಸಿಗೆ ಕತ್ತರಿಯಾಯಿತು.

ಕರಗಿದ್ದು ಎಲ್ಲಿಗೆ ಹೋಗುತ್ತದೆ? ಒಂದಿಷ್ಟು ಪಕ್ಕದ ದೊಡ್ಡ ಕಣದ ಮೇಲೆ ಹೋಗಿ ಕೂರುತ್ತದೆ. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ ಫ್ರಿಜ್ಜಿನ ಐಸ್‌ಕ್ರೀಮು ಮರಳುಮರಳಾಗುವುದನ್ನು ನೋಡಿರುತ್ತೀರಿ. ಸಣ್ಣ ಹಿಮದ ಹರಳು ಕರಗಿ ದೊಡ್ಡದಕ್ಕೆ ಸೇರುತ್ತಾ ಹೋಗುತ್ತದೆ, ಪ್ರತಿ ಏರಿಳಿತಕ್ಕೂ ಮರಳು ಇನ್ನಷ್ಟು ದಪ್ಪ. ಕ್ಯಾಥೋಡಿನಲ್ಲೂ ನಡೆಯುವುದು ಇದೇ. ಟೂ ಬಿಎಚ್‌ಕೆ ಮನೆಯ ನೆಲ ಕುಗ್ಗಿ ಕುಗ್ಗಿ ಒಂದು ಕೋಣೆಗೆ ಬರುತ್ತದೆ. ಇನ್ನೊಂದಿಷ್ಟು ಅಯಾನು ಪೊರೆಯೊಳಕ್ಕೆ ಹೊರಟು, ಆ ಕಡೆಯಿಂದ ನುಸುಳಿ ಬರುವ ಜಲಜನಕ ಎದುರಾದ ಕಡೆ ಮತ್ತೆ ಲೋಹವಾಗಿ ನಿಲ್ಲುತ್ತದೆ. ಹಳೆಯ ಕೋಶವನ್ನು ಅಡ್ಡಕ್ಕೆ ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪೊರೆಯ ಒಳಗೆ ಪ್ಲಾಟಿನಂನ ಒಂದು ಪಟ್ಟಿಯೇ ಕಾಣುತ್ತದೆ, ಯಾರಿಗೂ ಉಪಯೋಗಕ್ಕೆ ಬಾರದ ಜಾಗದಲ್ಲಿ.

ಗಾಡಿ ಏರು ಹತ್ತುವಾಗ ಸವೆತ ಹೆಚ್ಚು ಅಂದುಕೊಳ್ಳುತ್ತೇವಲ್ಲ, ಇಲ್ಲಿ ತಿರುವುಮುರುವು. ಕೋಶದಿಂದ ಕರೆಂಟು ಎಳೆದಷ್ಟೂ ಅದರ ವೋಲ್ಟೇಜು ಇಳಿಯುತ್ತದೆ, ಪ್ಲಾಟಿನಂ ನೆಮ್ಮದಿಯಾಗಿರುತ್ತದೆ. ಕೆಂಪು ದೀಪದಲ್ಲಿ ಕೆಲಸವಿಲ್ಲದೆ ನಿಂತಾಗ ವೋಲ್ಟೇಜು ನೆತ್ತಿಗೇರುತ್ತದೆ. ಸಿಗ್ನಲ್ಲು, ಬ್ರೇಕು, ಮತ್ತೆ ಆಕ್ಸಿಲರೇಟರು: ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಜಾಗ ಪ್ಲಾಟಿನಂ ಪಾಲಿಗೆ ಹೇಳಿ ಮಾಡಿಸಿದ ಯಾತನಾಶಿಬಿರ. ಅದಕ್ಕೇ ಕೋಶದ ಜೊತೆ ಒಂದು ಬ್ಯಾಟರಿ ಇಡುತ್ತಾರೆ. ಏರಿಳಿತವನ್ನು ಬ್ಯಾಟರಿ ನುಂಗಿಕೊಳ್ಳುತ್ತದೆ, ಕೋಶ ಹೆಚ್ಚುಕಮ್ಮಿ ಒಂದೇ ಹದದಲ್ಲಿ ನಡೆಯುತ್ತದೆ. ವೇಗವರ್ಧಕವನ್ನು ಬದಲಿಸದೆ ಅದರ ಆಯುಸ್ಸು ಹೆಚ್ಚಿಸುವ ಅಗ್ಗದ ಉಪಾಯ ಇದು.

ಇಂಗಾಲದ ಗತಿ ಇನ್ನೂ ಕಷ್ಟ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಜಲಜನಕದ ಬದಿಗೂ ಗಾಳಿ ತುಂಬಿಕೊಂಡಿರುತ್ತದೆ. ಬೆಳಿಗ್ಗೆ ಚಾಲೂ ಮಾಡಿದಾಗ ಒಂದು ಕಡೆಯಿಂದ ಜಲಜನಕ ನುಗ್ಗುತ್ತದೆ, ಇನ್ನೊಂದು ತುದಿಯಲ್ಲಿ ಇನ್ನೂ ಗಾಳಿಯೇ ಇರುತ್ತದೆ. ಆ ಕೆಲವು ಕ್ಷಣ ಕ್ಯಾಥೋಡಿನ ಒಂದು ಭಾಗದ ವೋಲ್ಟೇಜು 1.4ಕ್ಕೂ ಮೇಲೇರಬಹುದು. ಅಷ್ಟು ಸಾಕು, ಇಂಗಾಲ ನೀರಿನೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಕಂಬಕ್ಕೆ ಗೆದ್ದಲು ಹಿಡಿದರೆ ಮೇಲಿನ ಹೆಂಚು ಎಷ್ಟು ಗಟ್ಟಿಯಿದ್ದರೇನು? ಪ್ಲಾಟಿನಂ ಕಣಗಳು ಕಳಚಿ ಬೀಳುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಿಶ್ರಲೋಹದಲ್ಲಿ ಚುರುಕು ತಂದ ಕೋಬಾಲ್ಟೂ ಸುಮ್ಮನಿರುವುದಿಲ್ಲ, ಆಮ್ಲದಲ್ಲಿ ಸೋರಿ ಪೊರೆಗಿಳಿದು, ಪ್ರೋಟಾನು ಓಡಾಡಬೇಕಾದ ದಾರಿಯಲ್ಲಿ ಬೀಡುಬಿಡುತ್ತದೆ.

ಕಾರಿಗೆ ಐದು ಸಾವಿರ ಗಂಟೆಯ ಬಾಳಿಕೆ ಸಾಕು ಎಂಬ ಲೆಕ್ಕ ಇದ್ದಾಗ ಇವನ್ನೆಲ್ಲ ಹೇಗೋ ಸಂಭಾಳಿಸಬಹುದಿತ್ತು. ಅಮೆರಿಕದ ಇಂಧನ ಇಲಾಖೆ ಅದನ್ನು ಒಂದೂವರೆ ಲಕ್ಷ ಮೈಲಿ, ಅಂದರೆ ಸುಮಾರು 2.4 ಲಕ್ಷ ಕಿಲೋಮೀಟರಿಗೆ ಸಮ ಎಂದು ಹಿಡಿದಿತ್ತು. ಆದರೆ ಅಷ್ಟರಲ್ಲಿ ಕಾರುಗಳನ್ನು ಬ್ಯಾಟರಿ ಗೆದ್ದುಕೊಂಡಿತು. ಜಲಜನಕಕ್ಕೆ ಉಳಿದದ್ದು ಬ್ಯಾಟರಿಯ ಭಾರ ಹೊರಲು ಹಿಂಜರಿಯುವ ದೂರದ ಲಾರಿ, ರೈಲು, ಹಡಗು. ಲಾರಿಯವನಿಗೆ ಐದು ಸಾವಿರ ಗಂಟೆ ಅಂದರೆ ಎರಡು ಮೂರು ವರ್ಷದ ಓಟ. 2020ರಲ್ಲಿ ಅದೇ ಇಲಾಖೆ ‘ಹತ್ತು ಲಕ್ಷ ಮೈಲಿಯ ಲಾರಿ’ ಎಂಬ ಅರ್ಥದ ಹೆಸರಿಟ್ಟು ತನ್ನ ರಾಷ್ಟ್ರೀಯ ಪ್ರಯೋಗಾಲಯಗಳನ್ನು ಒಗ್ಗೂಡಿಸಿತು. ಗುರಿ 25,000 ಗಂಟೆ. ಗಮನಿಸಬೇಕಾದ್ದು ಇನ್ನೊಂದಿದೆ. ಕಾರಿಗೆ ಚದರ ಸೆಂಟಿಮೀಟರಿಗೆ 0.125 ಮಿಲಿಗ್ರಾಂ ಪ್ಲಾಟಿನಂ ಎಂದು ಬಿಗಿಹಿಡಿದಿದ್ದ ಗುರಿಯನ್ನು ಲಾರಿಗೆ 0.3 ಮಿಲಿಗ್ರಾಂಗೆ ಸಡಿಲಿಸಿದರು. ಜಿಪುಣತನ ಬಿಟ್ಟರೂ ಪರವಾಗಿಲ್ಲ, ಹಾಕಿದ್ದು ನಿಲ್ಲಬೇಕು ಎಂಬುದು ಹೊಸ ಧೋರಣೆ. ನನಗೆ ಇದು ತಡವಾಗಿ ಬಂದ ವಿವೇಕ ಅನ್ನಿಸುತ್ತದೆ. ಮೊದಲ ದಿನದ ಚುರುಕನ್ನು ಅಳೆದು ಪ್ರಕಟಿಸುವುದು ಸುಲಭ. ಹತ್ತನೇ ವರ್ಷದ ಚುರುಕನ್ನು ಅಳೆಯುವ ತಾಳ್ಮೆ ಯಾವ ಪಿಎಚ್‌ಡಿ ಅವಧಿಗೂ ಹೊಂದುವುದಿಲ್ಲ.

ನಿಲ್ಲಿಸುವ ಉಪಾಯಗಳಲ್ಲಿ ಕೆಲವು ಚಂದ ಇವೆ. ಸಾಧಾರಣ ಮಿಶ್ರಲೋಹದಲ್ಲಿ ಪ್ಲಾಟಿನಂ, ಕೋಬಾಲ್ಟ್ ಎಲ್ಲೆಂದರಲ್ಲಿ ಕೂತಿರುತ್ತವೆ, ಚುರುಮುರಿಯಲ್ಲಿ ಕಡಲೆಬೀಜ ಸಿಕ್ಕಿದಂತೆ. ಅದನ್ನು ಸರಿಯಾಗಿ ಕಾಯಿಸಿದರೆ ಒಂದು ಪದರ ಪ್ಲಾಟಿನಂ, ಒಂದು ಪದರ ಕೋಬಾಲ್ಟ್ ಎಂದು ಮಗ್ಗದ ನೇಯ್ಗೆಯಂತೆ ಶಿಸ್ತಾಗಿ ಕೂರುತ್ತವೆ. ಈ ಶಿಸ್ತಿನಲ್ಲಿ ಕೋಬಾಲ್ಟಿಗೆ ಸೋರಿಹೋಗುವುದು ಕಷ್ಟ. ತೊಡಕೇನೆಂದರೆ, ಶಿಸ್ತು ಬರುವಷ್ಟು ಕಾಯಿಸಿದರೆ ಸಣ್ಣ ಕಣಗಳು ಒಂದಕ್ಕೊಂದು ಬೆಸೆದುಕೊಂಡು ದಪ್ಪವಾಗುತ್ತವೆ. ಚೀನಾದ ಹಫೈ ನಗರದ ವಿಜ್ಞಾನಿಗಳು 2021ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಇಂಗಾಲಕ್ಕೆ ಮೊದಲೇ ಗಂಧಕ ಸೇರಿಸಿಟ್ಟರು. ಪ್ಲಾಟಿನಂಗೂ ಗಂಧಕಕ್ಕೂ ಗಾಢ ನಂಟು, ಕಣಗಳು ಕುಲುಮೆಯ ಬಿಸಿಯಲ್ಲೂ ಇದ್ದಲ್ಲೇ ಕಚ್ಚಿಕೊಂಡು ನಿಂತವು. ಇಂಧನ ಕೋಶದವರಿಗೆ ಗಂಧಕ ಅಂದರೆ ವಿಷ, ಗಾಳಿಯಲ್ಲಿ ಅದರ ವಾಸನೆ ಸಿಕ್ಕರೂ ಪ್ಲಾಟಿನಂ ಮಂಕಾಗುತ್ತದೆ. ಅದೇ ವಿಷವನ್ನು ಮೊಳೆಯಾಗಿ ಬಳಸಿದ ಜಾಣ್ಮೆ ಮೆಚ್ಚಬೇಕಾದ್ದೇ.

ಕಣಗಳನ್ನು ಇಂಗಾಲದ ಹೊರಮೈಯಲ್ಲಿ ಬಿಡದೆ ಅದರ ಸೂಕ್ಷ್ಮ ತೂತುಗಳೊಳಗೆ ಅಡಗಿಸುವುದು ಇನ್ನೊಂದು ದಾರಿ. 2020ರ ಎರಡನೇ ಪೀಳಿಗೆಯ ಮಿರಾಯ್‌ನಲ್ಲಿ ಹೀಗೆ ಮಾಡಿದ್ದಾರೆ. ಗೂಡಿನೊಳಗಿನ ಕಣ ಜಾರಿ ಪಕ್ಕದ್ದಕ್ಕೆ ಸೇರುವುದು ಕಷ್ಟ, ಜೊತೆಗೆ ಪ್ರೋಟಾನು ತರುವ ಪ್ಲಾಸ್ಟಿಕ್ಕು ಕಣದ ಮೈಗೆ ಅಂಟಿ ಉಸಿರುಕಟ್ಟಿಸುವುದೂ ತಪ್ಪುತ್ತದೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಯೂ ಹುವಾಂಗ್ ಅವರ ತಂಡ ಕಣದ ಮೇಲೇ ಬಲೆ ಹೊದಿಸಿತು. ದಾಳಿಂಬೆ ತೋಟದವರು ಹಕ್ಕಿಗಳಿಂದ ಹಣ್ಣು ಕಾಪಾಡಲು ಬಲೆ ಹಾಕುತ್ತಾರಲ್ಲ, ಗಾಳಿ ಬೆಳಕು ಆಡುತ್ತದೆ, ಹಣ್ಣು ಉಳಿಯುತ್ತದೆ. ಇಲ್ಲಿ ಬಲೆ ಗ್ರಾಫೀನ್‌ನದು, ಒಂದು ಪರಮಾಣು ದಪ್ಪದ ಇಂಗಾಲದ ಹಾಳೆ. 2025ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ, ವೋಲ್ಟೇಜನ್ನು 90,000 ಬಾರಿ ಏರಿಸಿ ಇಳಿಸಿದ ಮೇಲೂ ಶಕ್ತಿ ಕುಸಿದದ್ದು ಶೇಕಡಾ 1.1ಕ್ಕಿಂತ ಕಡಿಮೆ. ಅದರ ಆಧಾರದ ಮೇಲೆ ಎರಡು ಲಕ್ಷ ಗಂಟೆಗೂ ಮೀರಿದ ಬಾಳಿಕೆಯನ್ನು ಅಂದಾಜಿಸಿದ್ದಾರೆ. ಅಂದಾಜು ಎಂಬ ಮಾತನ್ನು ಒತ್ತಿ ಓದಿಕೊಳ್ಳಬೇಕು. ಎರಡು ಲಕ್ಷ ಗಂಟೆ ಅಂದರೆ ಇಪ್ಪತ್ತೆರಡು ವರ್ಷಕ್ಕೂ ಹೆಚ್ಚು, ಅಷ್ಟು ಕಾಲ ಯಾರೂ ಕೂತು ನೋಡಿಲ್ಲ. ಪ್ರಯೋಗಾಲಯದ ಅವಸರದ ಪರೀಕ್ಷೆಗೆ ಮಳೆ, ಧೂಳು, ಮುಂದಿನ ಡೀಸೆಲ್ ಬಸ್ಸಿನ ಹೊಗೆ ಗೊತ್ತಿರುವುದಿಲ್ಲ.

ಪ್ಲಾಟಿನಂ ಗೋಜೇ ಬೇಡ, ಕಬ್ಬಿಣ ಮತ್ತು ಸಾರಜನಕವನ್ನು ಇಂಗಾಲದಲ್ಲಿ ಹುದುಗಿಸಿ ಕೆಲಸ ತೆಗೆಯೋಣ ಎನ್ನುವ ಪಂಥವೂ ಇದೆ. ಅದರ ಬೇರು 1964ರಲ್ಲಿ ಜಸಿನ್‌ಸ್ಕಿ ಎಂಬ ಸಂಶೋಧಕರು ಕೋಬಾಲ್ಟ್ ಇರುವ ಒಂದು ವರ್ಣದ್ರವ್ಯದಲ್ಲಿ ಈ ಗುಣ ಕಂಡುಹಿಡಿದದ್ದರಲ್ಲಿದೆ. ಚುರುಕು ವರ್ಷದಿಂದ ವರ್ಷಕ್ಕೆ ಏರಿದೆ, ಬಾಳಿಕೆ ಮಾತ್ರ ಲಾರಿಯ ಹತ್ತಿರಕ್ಕೂ ಸುಳಿದಿಲ್ಲ.

ನಮ್ಮಲ್ಲಿ ಈ ವಿದ್ಯೆ ಹೊಸದೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಕೆ. ಶುಕ್ಲ ಅವರು ದಶಕಗಳ ಕಾಲ ಇಂಧನ ಕೋಶಗಳ ಮೇಲೆ ಕೆಲಸ ಮಾಡಿದರು, ಕಾರೈಕುಡಿಯ ವಿದ್ಯುತ್-ರಸಾಯನ ಸಂಶೋಧನಾಲಯದ ನಿರ್ದೇಶಕರೂ ಆಗಿದ್ದರು. 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿಯ ಕೊನೆಯ ಹಂತದಲ್ಲಿ ಇಸ್ರೋ ಒಂದು ಚಿಕ್ಕ ಇಂಧನ ಕೋಶವನ್ನು ಕಳಿಸಿತ್ತು. ಒತ್ತಡದಲ್ಲಿ ತುಂಬಿಟ್ಟ ಜಲಜನಕ, ಆಮ್ಲಜನಕದಿಂದ ಅದು ಕಕ್ಷೆಯಲ್ಲಿ 180 ವಾಟ್ ವಿದ್ಯುತ್ ಮಾಡಿ ತೋರಿಸಿತು. ಆಕಾಶದಲ್ಲಿ ಅನಿಲಗಳು ಶುದ್ಧ. ನೆಲದ ಮೇಲೆ, ಗಾಡಿಗೆ ತುಂಬುವ ಜಲಜನಕದಲ್ಲಿ ಇಂಗಾಲದ ಮೊನಾಕ್ಸೈಡ್ ಐವತ್ತು ಲಕ್ಷಕ್ಕೆ ಒಂದು ಪಾಲು ಮೀರಬಾರದು ಎಂದು ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ, ಮೀರಿದರೆ ಅದು ಪ್ಲಾಟಿನಂ ಮೇಲೆ ಕೂತು ಜಲಜನಕಕ್ಕೆ ಜಾಗ ಬಿಡುವುದಿಲ್ಲ. 2022ರ ಮಾರ್ಚಿನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ, ವಾಹನ ಪರೀಕ್ಷಾ ಸಂಸ್ಥೆಯಾದ ಐಕ್ಯಾಟ್ ಜೊತೆ ಸೇರಿ ಮಿರಾಯ್ ಕಾರನ್ನು ನಮ್ಮ ರಸ್ತೆ, ಹವೆಯಲ್ಲಿ ಪರೀಕ್ಷಿಸಲು ಹೊರಟಿತು. ನಮ್ಮ ಧೂಳಿಗೆ ಜಪಾನಿನ ಅಂಕಿಅಂಶ ಉತ್ತರ ಹೇಳಲಾರದು, ಇಲ್ಲೇ ಓಡಿಸಿ ನೋಡಬೇಕು.

ಕೋಶ ಮುದಿಯಾಗಿ ಗುಜರಿಗೆ ಬಂದಾಗ ಒಂದು ಸಮಾಧಾನ ಇದೆ. ಕರಗಿದ್ದು, ಕಳಚಿದ್ದು, ಪೊರೆಯೊಳಗೆ ಪಟ್ಟಿಯಾಗಿ ನಿಂತದ್ದು, ಹೆಚ್ಚುಕಮ್ಮಿ ಎಲ್ಲ ಪ್ಲಾಟಿನಂ ಅದರೊಳಗೇ ಇರುತ್ತದೆ. ಅದನ್ನು ತೆಗೆಯಲು ಪೊರೆಯನ್ನು ಸುಟ್ಟರೆ ಅದರಲ್ಲಿರುವ ಫ್ಲೋರಿನ್ ಅಪಾಯಕಾರಿ ಅನಿಲವಾಗಿ ಏಳುತ್ತದೆ, ಹಾಗಾಗಿ ಆಮ್ಲದಲ್ಲಿ ಕರಗಿಸಿ ತೆಗೆಯುವ ವಿಧಾನಗಳನ್ನು ಹುಡುಕುತ್ತಿದ್ದಾರೆ. ಅಷ್ಟು ವರ್ಷ ಬೇಡ ಬೇಡವೆಂದರೂ ಪರಮಾಣು ಪರಮಾಣುವಾಗಿ ಕರಗುತ್ತಿದ್ದ ಲೋಹ, ಈಗ ಕರಗು ಅಂದರೆ ಜಗ್ಗುವುದಿಲ್ಲ. ಅಕ್ವಾ ರೀಜಿಯಾದಲ್ಲಿ ಹಾಕಿ ಕುದಿಸಬೇಕು.